ಕೆರೆಯ ಮೇಲಿನ ಕೇರಿ: ಫೈವ್ ಪಾಯಿಂಟ್ಸ್‌ನ ಅಪರಾಧ ಮತ್ತು ಅಪಖ್ಯಾತಿ

ಯಾವ ದೊಡ್ಡ ನಗರವನ್ನು ನೋಡಿದರೂ ಅದರ ಹಳೆಯ ಭಾಗದಲ್ಲಿ ಕೆಟ್ಟ ಹೆಸರು ಹೊತ್ತ ಒಂದು ಕೇರಿ ಇರುತ್ತದೆ. ಕತ್ತಲಾದ ಮೇಲೆ ಆ ಕಡೆ ಕಾಲಿಡಬೇಡಿ ಎಂದು ಊರಿಗೆ ಹೊಸಬರಾದವರಿಗೆ ಬುದ್ಧಿ ಹೇಳುವುದುಂಟು. ಊರಲ್ಲಿ ಎಲ್ಲಿ ಕಳವಾದರೂ ಪೊಲೀಸರು ಮೊದಲು ಬಾಗಿಲು ತಟ್ಟುವುದು ಅಲ್ಲೇ. ಆ ಕೇರಿಯ ಹುಡುಗ ಕೆಲಸ ಕೇಳಿಕೊಂಡು ಹೋದರೆ ವಿಳಾಸ ನೋಡಿದೊಡನೆ ಮಾಲೀಕನ ಮುಖ ಬದಲಾಗುತ್ತದೆ. ಈ ಕೆಟ್ಟ ಹೆಸರು ಹುಟ್ಟುವುದು ಹೇಗೆ? ಅದರಲ್ಲಿ ನಿಜವೆಷ್ಟು, ಕಟ್ಟುಕಥೆಯೆಷ್ಟು? ಆ ಹೆಸರಿನಿಂದ ಯಾರಿಗೆ ಲಾಭ, ಯಾರಿಗೆ ನಷ್ಟ?

ಈ ಪ್ರಶ್ನೆಗಳಿಗೆ ಸ್ವಲ್ಪಮಟ್ಟಿಗಾದರೂ ಖಚಿತ ಉತ್ತರ ಕೊಡಬಲ್ಲ ಕೇರಿಯೆಂದರೆ ನ್ಯೂಯಾರ್ಕ್ ನಗರದ ಫೈವ್ ಪಾಯಿಂಟ್ಸ್. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಅತ್ಯಂತ ಕುಖ್ಯಾತ ಸ್ಥಳವೆಂದು ಹೆಸರಾಗಿದ್ದ ಈ ಕೇರಿಯ ಬಗ್ಗೆ ಪ್ರವಾಸಿಗಳು, ಪತ್ರಕರ್ತರು, ಪಾದ್ರಿಗಳು ಬರೆದದ್ದು ರಾಶಿ ರಾಶಿಯಾಗಿದೆ. ಅದರ ಜೊತೆಗೆ ಜನಗಣತಿಯ ಪಟ್ಟಿ, ಬ್ಯಾಂಕಿನ ಲೆಕ್ಕದ ಪುಸ್ತಕ, ನ್ಯಾಯಾಲಯದ ಕಡತಗಳೂ ಉಳಿದುಕೊಂಡಿವೆ. ಕೊನೆಗೆ ಆ ನೆಲವನ್ನೇ ಅಗೆದು ನೋಡುವ ಅವಕಾಶವೂ ಒದಗಿತು. ಮೇಲಿನವರು ಹೇಳಿದ ಕಥೆಗೂ ನೆಲದಡಿಯಲ್ಲಿ ಸಿಕ್ಕ ಸಾಕ್ಷ್ಯಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಅಳೆಯಲು ಬರುವ ಕೇರಿಗಳು ಕಡಿಮೆ.

ಕೆರೆ ಮುಚ್ಚಿ ಕಟ್ಟಿದ ನೆಲ

ಈ ಕೇರಿಯ ಕಥೆ ಆರಂಭವಾಗುವುದು ಒಂದು ಕೆರೆಯಿಂದ. ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ ಸುಮಾರು 48 ಎಕರೆ ವಿಸ್ತಾರದ 'ಕಲೆಕ್ಟ್ ಪಾಂಡ್' ಎಂಬ ಸಿಹಿನೀರಿನ ಕೆರೆ ಇತ್ತು. ಅಂದಿನ ನ್ಯೂಯಾರ್ಕಿಗರು ಅದರ ನೀರು ಕುಡಿಯುತ್ತಿದ್ದರು, ಬೇಸಗೆಯಲ್ಲಿ ದಡದಲ್ಲಿ ವಿಹರಿಸುತ್ತಿದ್ದರು, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಮೇಲೆ ಜಾರಾಡುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಅದರ ದಂಡೆಯಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳು, ಕಸಾಯಿಖಾನೆಗಳು, ಬಿಯರ್ ತಯಾರಿಸುವ ಭಟ್ಟಿಗಳು ಬಂದವು. ಎಲ್ಲರ ಕೊಳೆಯೂ ಕೆರೆಗೆ ಹರಿಯಿತು. ಆ ಶತಮಾನ ಮುಗಿಯುವಷ್ಟರಲ್ಲಿ ಕೆರೆ ನಾರತೊಡಗಿತ್ತು. ನಗರಾಡಳಿತ ಪಕ್ಕದ ಗುಡ್ಡವನ್ನು ಕಡಿದು ಆ ಮಣ್ಣಿನಿಂದ ಕೆರೆಯನ್ನೇ ಮುಚ್ಚಿಸಿತು. 1811ರ ಸುಮಾರಿಗೆ ಕೆಲಸ ಮುಗಿಯಿತು. ಅದರ ಮೇಲೆ ಬೀದಿಗಳು ಬಂದವು, ಮಧ್ಯಮ ವರ್ಗದವರಿಗೆಂದು ಅಚ್ಚುಕಟ್ಟಾದ ಮರದ ಮನೆಗಳೂ ಎದ್ದವು.

ಆದರೆ ಕೆರೆಯ ಕೆಳಗಿನ ಒರತೆ ನಿಂತಿರಲಿಲ್ಲ. ಸರಿಯಾಗಿ ತುಂಬದ ಮಣ್ಣು ಕುಸಿಯತೊಡಗಿತು. ಮನೆಗಳು ವಾಲಿದವು, ನೆಲಮನೆಗಳಲ್ಲಿ ನೀರು ಉಕ್ಕಿತು, ದುರ್ವಾಸನೆಯೂ ಸೊಳ್ಳೆಯೂ ಕಾಡಿದವು. ಅನುಕೂಲಸ್ಥರು ಒಬ್ಬೊಬ್ಬರಾಗಿ ಬೇರೆ ಕಡೆಗೆ ಹೋದರು. ಮನೆಯ ಒಡೆತನವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯನ್ನು ಕೋಣೆ ಕೋಣೆಯಾಗಿ ಸೀಳಿ ಬಾಡಿಗೆಗೆ ಕೊಟ್ಟರು. ಹೀಗೆ ಅಲ್ಲಿ ವಠಾರಗಳು ಹುಟ್ಟಿಕೊಂಡವು. ಆರೆಂಜ್, ಕ್ರಾಸ್ ಎಂಬ ಎರಡು ಬೀದಿಗಳು ಕೂಡುವಲ್ಲಿ ಆಂಟನಿ ಎಂಬ ಮೂರನೆಯ ಬೀದಿ ಬಂದು ಕೊನೆಗೊಳ್ಳುತ್ತಿದ್ದುದರಿಂದ ಐದು ಮೂಲೆಗಳಾಗಿದ್ದವು. 'ಫೈವ್ ಪಾಯಿಂಟ್ಸ್' ಎಂಬ ಹೆಸರು ಬಂದದ್ದು ಅದರಿಂದ.

ಇಲ್ಲಿಗೆ ಬಂದು ನೆಲೆಸಿದವರು ಬೇರೆಲ್ಲೂ ಮನೆ ಸಿಗದವರು. ನ್ಯೂಯಾರ್ಕ್ ರಾಜ್ಯದಲ್ಲಿ 1827ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ಬಿಡುಗಡೆಯಾದ ಕಪ್ಪು ಜನರಲ್ಲಿ ಅನೇಕರು ಈ ಭಾಗದಲ್ಲೇ ಬದುಕು ಹುಡುಕಿದರು. ಆ ಬಳಿಕ, ಮುಖ್ಯವಾಗಿ 1845ರ ನಂತರದ ಆಲೂಗಡ್ಡೆ ಕ್ಷಾಮದಲ್ಲಿ ಊರು ಬಿಟ್ಟ ಐರಿಷ್ ಜನ ಹಡಗಿಳಿದು ಇತ್ತ ನಡೆದರು. 1832ರಲ್ಲಿ ಕಾಲರಾ ಬಂದಾಗ ನಗರದಲ್ಲಿ ಸುಮಾರು 3,500 ಮಂದಿ ಸತ್ತರು. ಅದರ ಹೊಡೆತ ಬಲವಾಗಿ ಬಿದ್ದದ್ದು ಈ ಕೇರಿಯ ಮೇಲೆ. ರೋಗ ಕೊಳಕು ನೀರಿನಿಂದ ಬರುತ್ತದೆಂಬುದು ಆಗ ತಿಳಿದಿರಲಿಲ್ಲ. ಅದು ಅಲ್ಲಿಯ ಜನರ ದುರ್ನಡತೆಗೆ ದೇವರು ಕೊಟ್ಟ ಶಿಕ್ಷೆಯೆಂದು ಮರ್ಯಾದಸ್ಥರು ಬಗೆದರು. ಅಪರಾಧದ ಅಪವಾದಕ್ಕೆ ಮೊದಲು ಅಂಟಿದ್ದು ರೋಗದ ಅಪವಾದ.

ಎರಡು ಲೆಕ್ಕಗಳು

ಈ ಕೇರಿಯಲ್ಲಿ ಅಪರಾಧ ಇರಲಿಲ್ಲವೇ? ಇತ್ತು, ಧಾರಾಳವಾಗಿಯೇ ಇತ್ತು. ಹೆಜ್ಜೆಗೊಂದು ಹೆಂಡದಂಗಡಿ, ಅದರ ಹಿಂದೆ ಜೂಜಿನ ಕೋಣೆ, ಮಹಡಿಯ ಮೇಲೆ ವೇಶ್ಯಾಗೃಹ. ಜೇಬುಗಳ್ಳರಿದ್ದರು, ಕಳ್ಳಮಾಲು ಕೊಳ್ಳುವವರಿದ್ದರು, ಕುಡಿದು ಹೊಡೆದಾಡುವವರಿದ್ದರು. ಪೊಲೀಸರು ಹಿಡಿದೊಯ್ಯುತ್ತಿದ್ದವರಲ್ಲಿ ಬಹುಪಾಲು ಕುಡಿತ, ಗದ್ದಲ, ಸಣ್ಣ ಕಳವು, ಹೊಡೆದಾಟ ಇಂಥ ಆಪಾದನೆಯವರು.

ಹೊರಗೆ ಹಬ್ಬಿದ ಕಥೆಯೇ ಬೇರೆ. 1790ರ ದಶಕದಲ್ಲಿ ಕೆರೆಯ ದಂಡೆಯಲ್ಲಿ ಕಟ್ಟಿದ ಒಂದು ಬಿಯರ್ ಭಟ್ಟಿ 1837ರಲ್ಲಿ ವಠಾರವಾಯಿತು. 'ಓಲ್ಡ್ ಬ್ರೂವರಿ' ಎಂದೇ ಅದು ಕುಪ್ರಸಿದ್ಧ. ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ತುರುಕಿಕೊಂಡಿದ್ದರು, ಹದಿನೈದು ವರ್ಷಗಳ ಕಾಲ ರಾತ್ರಿಗೊಂದರಂತೆ ಕೊಲೆ ನಡೆಯುತ್ತಿತ್ತು ಎಂದು 1920ರ ದಶಕದ ಕೊನೆಯಲ್ಲಿ ಹರ್ಬರ್ಟ್ ಆಸ್‌ಬರಿ ಎಂಬ ಪತ್ರಕರ್ತ 'ಗ್ಯಾಂಗ್ಸ್ ಆಫ್ ನ್ಯೂಯಾರ್ಕ್' ಪುಸ್ತಕದಲ್ಲಿ ಬರೆದ. ಮಾರ್ಟಿನ್ ಸ್ಕಾರ್ಸೇಸಿ 2002ರಲ್ಲಿ ಅದೇ ಹೆಸರಿನ ಚಲನಚಿತ್ರ ಮಾಡಿದಾಗ ಈ ಕೇರಿಯ ರಕ್ತಸಿಕ್ತ ಚಿತ್ರ ಇನ್ನೊಮ್ಮೆ ಲೋಕಪ್ರಸಿದ್ಧವಾಯಿತು.

ಸ್ವಲ್ಪ ಲೆಕ್ಕ ಹಾಕಿದರೆ ಸಾಕು, ಈ ಮಾತು ನಿಲ್ಲುವುದಿಲ್ಲ. ರಾತ್ರಿಗೊಂದು ಕೊಲೆಯೆಂದರೆ ಹದಿನೈದು ವರ್ಷಕ್ಕೆ ಐದು ಸಾವಿರಕ್ಕೂ ಮಿಕ್ಕಿ ಹೆಣ ಬೀಳಬೇಕು. ಆ ಕಾಲದಲ್ಲಿ ಇಡೀ ನ್ಯೂಯಾರ್ಕ್ ನಗರದಲ್ಲಿ ವರ್ಷವೊಂದಕ್ಕೆ ದಾಖಲಾಗುತ್ತಿದ್ದ ಕೊಲೆಗಳೇ ಕೆಲವು ಡಜನ್ ದಾಟುತ್ತಿರಲಿಲ್ಲ. ಸಾವಿರ ಜನರಿದ್ದರೆನ್ನುವ ಆ ಕಟ್ಟಡದಲ್ಲಿ 1850ರ ಜನಗಣತಿಯವರಿಗೆ ಸಿಕ್ಕದ್ದು ಇನ್ನೂರ ಚಿಲ್ಲರೆ ಮಂದಿ. ಅಷ್ಟೇ ಜನ ಅಂಥ ಮುರುಕು ಕಟ್ಟಡದಲ್ಲಿ ಇದ್ದುದೂ ನರಕವೇ. ಆದರೆ ಅದು ಬಡತನದ ನರಕ, ಕೊಲೆಗಡುಕರ ನರಕವಲ್ಲ. ಇತಿಹಾಸಕಾರ ಟೈಲರ್ ಆನ್‌ಬಿಂಡರ್ 2001ರಲ್ಲಿ ಪ್ರಕಟಿಸಿದ ಫೈವ್ ಪಾಯಿಂಟ್ಸ್ ಇತಿಹಾಸದಲ್ಲಿ ಇಂಥ ದಂತಕಥೆಗಳನ್ನು ಒಂದೊಂದಾಗಿ ದಾಖಲೆಗಳ ಎದುರಿಗಿಟ್ಟು ನೋಡಿದ್ದಾರೆ.

ಲಾಭ ಯಾರಿಗೆ?

ಅಪರಾಧ ಕೇರಿಯಲ್ಲಿ ನಡೆದರೂ ಅದರ ಆದಾಯ ಅಲ್ಲೇ ಉಳಿಯುತ್ತಿರಲಿಲ್ಲ. ವೇಶ್ಯಾಗೃಹ ನಡೆಸುವವರು ಸಾಮಾನ್ಯ ಬಾಡಿಗೆಗಿಂತ ಹೆಚ್ಚು ಕೊಡುತ್ತಿದ್ದರು, ತಪ್ಪದೆ ಕೊಡುತ್ತಿದ್ದರು. ಮನೆಯ ಮಾಲೀಕರಿಗೆ ಅಷ್ಟು ಸಾಕಿತ್ತು. ಅಂಥ ಮಾಲೀಕರಲ್ಲಿ ಜಾನ್ ಆರ್. ಲಿವಿಂಗ್‌ಸ್ಟನ್ ಒಬ್ಬ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಸಿದ್ಧಪಡಿಸಿದ ಐವರ ಸಮಿತಿಯಲ್ಲಿದ್ದ ರಾಬರ್ಟ್ ಲಿವಿಂಗ್‌ಸ್ಟನ್‌ನ ತಮ್ಮ ಈತ. ನಗರದ ಅತಿ ಪ್ರತಿಷ್ಠಿತ ಮನೆತನಗಳಲ್ಲೊಂದಕ್ಕೆ ಸೇರಿದ ಈ ಗೃಹಸ್ಥ ಫೈವ್ ಪಾಯಿಂಟ್ಸ್ ಸುತ್ತಮುತ್ತ ಹಲವು ವೇಶ್ಯಾಗೃಹಗಳ ಕಟ್ಟಡಗಳ ಒಡೆಯನಾಗಿದ್ದ. ಪೊಲೀಸರು ದಾಳಿ ಮಾಡಿದರೆ ಜೈಲಿಗೆ ಹೋಗುತ್ತಿದ್ದವಳು ಒಳಗಿದ್ದ ಹೆಂಗಸು. ಬಾಡಿಗೆ ಪಡೆದವನ ಹೆಸರು ಕೇರಿಯ ಕುಖ್ಯಾತಿಯಲ್ಲಿ ಸೇರುತ್ತಿರಲಿಲ್ಲ.

ಆ ಹೆಂಗಸರು ಅಲ್ಲಿಗೆ ಬಂದದ್ದಾದರೂ ಏಕೆ? ವೈದ್ಯ ವಿಲಿಯಂ ಸ್ಯಾಂಗರ್ ನ್ಯೂಯಾರ್ಕ್ ನಗರದ 2,000 ವೇಶ್ಯೆಯರನ್ನು ವಿಚಾರಿಸಿ 1858ರಲ್ಲಿ ತನ್ನ ಗ್ರಂಥ ಪ್ರಕಟಿಸಿದ. ಬಡತನವೇ ಕಾರಣವೆಂದವರು 525 ಮಂದಿ, ಎಲ್ಲ ಉತ್ತರಗಳಲ್ಲಿ ಅದೇ ಮೊದಲನೆಯದು. ಅರ್ಧದ ಹತ್ತಿರ ಹೆಂಗಸರು ಹಿಂದೆ ಮನೆಗೆಲಸ ಮಾಡುತ್ತಿದ್ದವರು, ಉಳಿದವರಲ್ಲಿ ಅನೇಕರು ಹೊಲಿಗೆಯವರು. ಇಡೀ ದಿನ ಅಂಗಿ ಹೊಲಿದರೂ ಹೊಟ್ಟೆಗೆ ಸಾಲದ ಕಾಲ ಅದು. ಇದನ್ನು ಕೇರಿಯಲ್ಲೇ ಕಣ್ಣಾರೆ ಕಂಡವನು ಲೂಯಿಸ್ ಪೀಸ್ ಎಂಬ ಪಾದ್ರಿ. ಮೆಥಡಿಸ್ಟ್ ಪಂಥದ ಮಹಿಳಾ ಸಂಘ 1850ರಲ್ಲಿ ಅವನನ್ನು ಧರ್ಮಪ್ರಚಾರಕ್ಕೆಂದು ಅಲ್ಲಿಗೆ ಕಳಿಸಿತ್ತು. ಉಪದೇಶಕ್ಕಿಂತ ಮೊದಲು ಇವರಿಗೆ ಬೇಕಾದದ್ದು ಕೂಲಿಯೆಂದು ಅರಿತ ಅವನು ಅಂಗಿ ಹೊಲಿಯುವ ಕೆಲಸ ತಂದುಕೊಟ್ಟ. ಸಂಘಕ್ಕೆ ಇದು ಹಿಡಿಸಲಿಲ್ಲ. ಪೀಸ್ ಬೇರೆಯಾಗಿ 'ಹೌಸ್ ಆಫ್ ಇಂಡಸ್ಟ್ರಿ' ಎಂಬ ಸಂಸ್ಥೆ ಕಟ್ಟಿದ. ಮಹಿಳಾ ಸಂಘ ಓಲ್ಡ್ ಬ್ರೂವರಿಯನ್ನು ಕೊಂಡು 1852ರ ಡಿಸೆಂಬರಿನಲ್ಲಿ ಕೆಡವಿಸಿ ಅಲ್ಲಿ ತನ್ನ ಮಿಷನ್ ಕಟ್ಟಡ ಎಬ್ಬಿಸಿತು. ಅಪರಾಧದ ಮದ್ದು ಕೆಲಸವೋ ಕೆಡಹುವಿಕೆಯೋ ಎಂಬ ವಾದ ಅಂದೇ ಶುರುವಾಗಿತ್ತು.

ಇನ್ನೊಂದು ಲಾಭ ರಾಜಕಾರಣಿಗಳದು. ಅಂದಿನ ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಪಕ್ಷದ 'ಟ್ಯಾಮನಿ ಹಾಲ್' ಸಂಘಟನೆಗೆ ಹೆಂಡದಂಗಡಿಗಳೇ ಕಚೇರಿ. ಅಂಗಡಿಯವನೇ ಪುಢಾರಿ. ಹೊಸದಾಗಿ ಬಂದ ಐರಿಷ್‌ನವನಿಗೆ ಪೌರತ್ವದ ಕಾಗದ, ನಗರಾಡಳಿತದಲ್ಲಿ ಕೂಲಿ, ಜೈಲಿಗೆ ಬಿದ್ದರೆ ಜಾಮೀನು ಎಲ್ಲವನ್ನೂ ಅವನು ಕೊಡಿಸುತ್ತಿದ್ದ. ಬದಲಿಗೆ ಮತ ಬೇಕು, ಮತದಾನದ ದಿನ ಮತಗಟ್ಟೆಯಲ್ಲಿ ತೋಳ್ಬಲವೂ ಬೇಕು. ಬೀದಿಯ ಪುಂಡರ ಗುಂಪುಗಳಿಗೆ ಬೆಲೆ ಬಂದದ್ದು ಹೀಗೆ. ಅವು ಬರೀ ದರೋಡೆಕೋರರ ತಂಡಗಳಾಗಿರಲಿಲ್ಲ, ಚುನಾವಣೆಯ ಪಡೆಗಳೂ ಆಗಿದ್ದವು.

1857ರಲ್ಲಿ ಇದರ ವಿಕಾರ ಬಯಲಾಯಿತು. ಮೇಯರ್ ಫರ್ನಾಂಡೊ ವುಡ್‌ನ ಹಿಡಿತದಲ್ಲಿದ್ದ ನಗರ ಪೊಲೀಸ್ ಪಡೆಯನ್ನು ರಾಜ್ಯದ ಶಾಸನಸಭೆ ರದ್ದುಗೊಳಿಸಿ 'ಮೆಟ್ರೊಪಾಲಿಟನ್' ಎಂಬ ಹೊಸ ಪಡೆ ರಚಿಸಿತು. ಮೇಯರ್ ಒಪ್ಪಲಿಲ್ಲ. ಜೂನ್ ತಿಂಗಳಲ್ಲಿ ನಗರಸಭಾ ಭವನದ ಮೆಟ್ಟಿಲ ಮೇಲೆ ಎರಡೂ ಪೊಲೀಸ್ ಪಡೆಗಳು ಪರಸ್ಪರ ಲಾಠಿಯಿಂದ ಬಡಿದಾಡಿದವು. ನ್ಯಾಯಾಲಯ ಹಳೆಯ ಪಡೆಯನ್ನು ವಿಸರ್ಜಿಸಿದ ಮೇಲೆ ಜುಲೈ 4ರಂದು ಫೈವ್ ಪಾಯಿಂಟ್ಸ್‌ನ ಐರಿಷ್ ಗುಂಪಿಗೂ ನೆರೆಯ 'ಬವರಿ ಬಾಯ್ಸ್' ಗುಂಪಿಗೂ ಕಾಳಗ ಹತ್ತಿತು. ಎರಡು ದಿನ ನಡೆದ ಈ ಗಲಭೆಯಲ್ಲಿ ಹನ್ನೆರಡರಷ್ಟು ಮಂದಿ ಸತ್ತರು, ಸೈನ್ಯ ಕರೆಸಬೇಕಾಯಿತು. ಪತ್ರಿಕೆಗಳು ಐರಿಷ್ ಗುಂಪನ್ನು 'ಡೆಡ್ ರ್‍ಯಾಬಿಟ್ಸ್' ಎಂದು ಕರೆದವು. ಇತಿಹಾಸದಲ್ಲಿ ಉಳಿದದ್ದು 'ಡೆಡ್ ರ್‍ಯಾಬಿಟ್ಸ್ ಗಲಭೆ' ಎಂಬ ಹೆಸರು. ಕಾನೂನು ಕಾಯಬೇಕಾದ ಎರಡು ಪಡೆಗಳು ಮೂರು ವಾರ ಹಿಂದಷ್ಟೇ ಬೀದಿಯಲ್ಲಿ ಬಡಿದಾಡಿದ್ದವೆಂಬುದು ಹಿನ್ನೆಲೆಗೆ ಸರಿಯಿತು.

ಅಪರಾಧಕ್ಕೆ ಬಲಿಯಾದವರೂ ಕೇರಿಯವರೇ ಎಂಬುದನ್ನು ಮರೆಯುವಂತಿಲ್ಲ. 1834ರ ಜುಲೈನಲ್ಲಿ ಗುಲಾಮಗಿರಿ ವಿರೋಧಿ ಚಳವಳಿಯ ಮೇಲಿನ ಸಿಟ್ಟಿನಿಂದ ಬಿಳಿಯರ ಜನಜಂಗುಳಿ ಈ ಭಾಗದ ಕಪ್ಪು ಜನರ ಮನೆಗಳ ಮೇಲೆ, ಅವರ ಸಂತ ಫಿಲಿಪ್ ಚರ್ಚಿನ ಮೇಲೆ ದಾಳಿ ಮಾಡಿತು. ಬಿಳಿಯರು ತಮ್ಮ ಕಿಟಕಿಗಳಲ್ಲಿ ದೀಪ ಹಚ್ಚಿಡಬೇಕೆಂಬ ಸೂಚನೆ ಹರಡಿತ್ತು. ದೀಪವಿಲ್ಲದ ಮನೆಗಳಿಗೆ ಕಲ್ಲು ಬಿತ್ತು.

ನೋಡಲು ಬಂದವರು

ಕುಖ್ಯಾತಿ ಬೆಳೆದಂತೆ ಕೇರಿ ಒಂದು ಪ್ರೇಕ್ಷಣೀಯ ಸ್ಥಳವಾಯಿತು! 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಇಬ್ಬರು ಪೊಲೀಸರ ಕಾವಲಿನಲ್ಲಿ ರಾತ್ರಿ ಬಂದು ನೋಡಿ ಹೋದ. ತನ್ನ ಅಮೆರಿಕ ಪ್ರವಾಸ ಕಥನದಲ್ಲಿ ಅಲ್ಲಿಯ ಕೊಳಕು, ಮುರುಕು ಮನೆಗಳನ್ನು ಜುಗುಪ್ಸೆ ಹುಟ್ಟುವಂತೆ ವರ್ಣಿಸಿದ. ಅನಂತರ ಸಿರಿವಂತರು ಪೊಲೀಸರನ್ನು ಜೊತೆಮಾಡಿಕೊಂಡು 'ಬಡವರನ್ನು ನೋಡಲು' ಬರುವುದೇ ಒಂದು ಷೋಕಿಯಾಯಿತು. ಅದೇ ರಾತ್ರಿ ಡಿಕನ್ಸ್ ನೆಲಮನೆಯ ನೃತ್ಯಶಾಲೆಯೊಂದರಲ್ಲಿ ಕಪ್ಪು ತರುಣನೊಬ್ಬನ ಕುಣಿತ ಕಂಡು ಬೆರಗಾದ. 'ಮಾಸ್ಟರ್ ಜೂಬಾ' ಎಂದು ಪ್ರಸಿದ್ಧನಾದ ವಿಲಿಯಂ ಹೆನ್ರಿ ಲೇನ್ ಆತನೆಂದು ಹೇಳಲಾಗುತ್ತದೆ. ಆಫ್ರಿಕನ್ ಮೂಲದ ಹೆಜ್ಜೆಗಳೂ ಐರಿಷ್ ಕುಣಿತವೂ ಬೆರೆತು ಮುಂದೆ 'ಟ್ಯಾಪ್ ಡಾನ್ಸ್' ರೂಪುಗೊಂಡದ್ದರಲ್ಲಿ ಈ ಕೇರಿಯ ಪಾಲು ದೊಡ್ಡದು.

ಕೊನೆಯ ಏಟು ಕೊಟ್ಟವನು ಕೇರಿಯ ಹಿತೈಷಿ. ಡೆನ್ಮಾರ್ಕಿನಿಂದ ಬಂದ ಜೇಕಬ್ ರೀಸ್ ಪೊಲೀಸ್ ಸುದ್ದಿಯ ವರದಿಗಾರ. ಹೊಸದಾಗಿ ಬಂದಿದ್ದ ಬೆಳಕಿನ ಪುಡಿಯನ್ನು ಸಿಡಿಸಿ ಕತ್ತಲೆಯ ವಠಾರಗಳ ಒಳಗಿನ ಛಾಯಾಚಿತ್ರ ತೆಗೆದ. 1890ರ ಆತನ ಪುಸ್ತಕ ಬಡವರ ವಸತಿಯ ದುಃಸ್ಥಿತಿಯತ್ತ ದೇಶದ ಕಣ್ಣು ತೆರೆಸಿತು. ಆಗ ಅಲ್ಲಿದ್ದವರು ಹೆಚ್ಚಾಗಿ ಇಟಲಿಯವರು. ಅವನ ಒತ್ತಾಯದಿಂದ 'ಮಲ್ಬರಿ ಬೆಂಡ್' ಎಂಬ ಇಡೀ ವಠಾರದ ಸಾಲನ್ನು ಕೆಡವಿ 1897ರಲ್ಲಿ ಉದ್ಯಾನ ತೆರೆದರು. ಗಾಳಿ ಬೆಳಕು ಬಂತು, ನಿಜ. ಅಲ್ಲಿದ್ದವರು ಮಾತ್ರ ಇನ್ನೊಂದು ವಠಾರ ಹುಡುಕಿಕೊಂಡು ಹೋಗಬೇಕಾಯಿತು.

ನೆಲ ಹೇಳಿದ ಸಾಕ್ಷ್ಯ

1991ರಲ್ಲಿ ಅಲ್ಲಿ ಹೊಸ ಫೆಡರಲ್ ನ್ಯಾಯಾಲಯ ಕಟ್ಟಲು ತಳಪಾಯ ತೋಡುವ ಮುನ್ನ ಪುರಾತತ್ವಜ್ಞರು ಉತ್ಖನನ ನಡೆಸಿದರು. ಹಳೆಯ ಮನೆಗಳ ಹಿತ್ತಲಿನ ಬಾವಿಗಳು, ಶೌಚದ ಗುಂಡಿಗಳು ಸಿಕ್ಕವು. ಒಡೆದ ಪಾತ್ರೆ, ಬೇಡದ ವಸ್ತುಗಳನ್ನು ಜನ ಅವುಗಳಿಗೇ ಎಸೆಯುತ್ತಿದ್ದುದರಿಂದ ಅವು ದಿನಚರಿಯ ಪುಸ್ತಕಗಳಂತೆ ಉಳಿದಿದ್ದವು. ಒಟ್ಟು ಸುಮಾರು 8,50,000 ವಸ್ತುಗಳು ದೊರೆತವು. ರೆಬೆಕಾ ಯಾಮಿನ್ ಅವರ ನೇತೃತ್ವದ ತಂಡ ಅವುಗಳನ್ನು ಅಧ್ಯಯನ ಮಾಡಿತು.

ಸಿಕ್ಕದ್ದೇನು? ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಚಿತ್ತಾರದ ತಟ್ಟೆಗಳು, ಟೀ ಕುಡಿಯುವ ಬಟ್ಟಲುಗಳು, ಮಕ್ಕಳ ಆಟಿಕೆಗಳು, ಸೂಜಿ, ಗುಂಡಿ, ಬಟ್ಟೆಯ ತುಂಡುಗಳು, ಮಾಂಸದೂಟದ ಮೂಳೆಗಳು. ಐರ್ಲೆಂಡಿನಲ್ಲಿ ಪಾನನಿಷೇಧ ಚಳವಳಿ ನಡೆಸಿದ ಫಾದರ್ ಮ್ಯಾಥ್ಯೂ ಅವರ ಚಿತ್ರವಿದ್ದ ಬಟ್ಟಲೊಂದೂ ಸಿಕ್ಕಿತು. ಕುಡುಕರ ಕೇರಿಯೆಂದು ಹೆಸರಾದಲ್ಲಿ ಯಾರೋ ಒಬ್ಬರು ಅದರಲ್ಲಿ ಟೀ ಕುಡಿದಿದ್ದರು. ಮಧ್ಯಮ ವರ್ಗದವರಂತೆ ಮನೆ ಒಪ್ಪವಾಗಿಟ್ಟುಕೊಳ್ಳಲು ಹೆಣಗಿದ ದುಡಿಯುವ ಜನರ ಬದುಕು ಅಲ್ಲಿ ಕಂಡಿತು.

ನೆಲ ಕಹಿಯನ್ನೂ ಮುಚ್ಚಿಡಲಿಲ್ಲ. 1840ರ ದಶಕದ ವೇಶ್ಯಾಗೃಹವೊಂದರ ಗುಂಡಿಯಲ್ಲಿ ಚೀನಾದ ಬೆಲೆಬಾಳುವ ಪಿಂಗಾಣಿಯ ಜೊತೆಗೇ ನವಜಾತ ಶಿಶುಗಳ ಮೂಳೆಗಳು ಸಿಕ್ಕವು. ಗಿರಾಕಿಗಳಿಗೆ ಪಿಂಗಾಣಿ, ಹೆಂಗಸರಿಗೆ ಆ ಗುಂಡಿ. ಅಪರಾಧವಿತ್ತೆಂಬುದಕ್ಕೂ ಅದರ ಭಾರ ಯಾರ ಮೇಲೆ ಬಿದ್ದಿತ್ತೆಂಬುದಕ್ಕೂ ಇದಕ್ಕಿಂತ ಸಾಕ್ಷಿ ಬೇಡ.

ಕಾಗದದ ದಾಖಲೆಗಳೂ ಇದನ್ನೇ ಪುಷ್ಟೀಕರಿಸಿದವು. ಐರಿಷ್ ವಲಸೆಗಾರರಿಗಾಗಿ 1850ರಲ್ಲಿ ತೆರೆದ 'ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕ್'ನ ಪುಸ್ತಕಗಳನ್ನು ಆನ್‌ಬಿಂಡರ್ ಪರಿಶೀಲಿಸಿದರು. ಐರ್ಲೆಂಡಿನ ಕೆರಿ ಪ್ರಾಂತದಿಂದ ಬರಿಗೈಯಲ್ಲಿ ಬಂದಿಳಿದ ಎಷ್ಟೋ ಮಂದಿ, ದಿನಕ್ಕೆ ಒಂದು ಡಾಲರ್ ಕೂಲಿ ಸಿಕ್ಕರೆ ಹೆಚ್ಚೆನ್ನುವ ಕಾಲದಲ್ಲಿ, ಕೆಲವೇ ವರ್ಷಗಳಲ್ಲಿ ನೂರು ಡಾಲರಿಗೂ ಮಿಕ್ಕಿ ಉಳಿತಾಯ ಮಾಡಿದ್ದರು. ಈ ಉಳಿತಾಯಗಾರರನ್ನು ಯಾವ ಪ್ರವಾಸಿಯೂ ಕಾಣಲಿಲ್ಲ. ಪೊಲೀಸರ ಜೊತೆ ರಾತ್ರಿ ಹೊತ್ತು ಬಂದವರಿಗೆ ಹಗಲೆಲ್ಲ ದುಡಿದು ಮಲಗಿದವರು ಕಾಣುವುದಾದರೂ ಹೇಗೆ?

ಉತ್ಖನನದ ವಸ್ತುಗಳನ್ನು ವರ್ಲ್ಡ್ ಟ್ರೇಡ್ ಸೆಂಟರ್ ಸಮುಚ್ಚಯದ ಆರನೆಯ ಕಟ್ಟಡದ ನೆಲಮಾಳಿಗೆಯಲ್ಲಿ ಇರಿಸಲಾಗಿತ್ತು. 2001ರ ಸೆಪ್ಟೆಂಬರ್ 11ರಂದು ಗೋಪುರ ಕುಸಿದಾಗ ಅವೆಲ್ಲ ನಾಶವಾದವು. ಪ್ರದರ್ಶನಕ್ಕೆಂದು ಬೇರೆಡೆ ಎರವಲು ಹೋಗಿದ್ದ 18 ವಸ್ತುಗಳಷ್ಟೇ ಉಳಿದವು. ಅಧ್ಯಯನದ ಟಿಪ್ಪಣಿಗಳೂ ವರದಿಯೂ ಆ ವೇಳೆಗೆ ಸಿದ್ಧವಾಗಿದ್ದುದು ಪುಣ್ಯ.

ಇಂದು ಹಳೆಯ ಕೆರೆಯಿದ್ದ ಜಾಗದ ಸುತ್ತ ನ್ಯಾಯಾಲಯಗಳ ಸಾಲೇ ನಿಂತಿದೆ. ಕೆರೆಯ ಮೇಲೆ ಮೊದಲು ಎದ್ದ ದೊಡ್ಡ ಸರ್ಕಾರಿ ಕಟ್ಟಡವೂ ಜೈಲೇ. ಜನ 'ಗೋರಿಗಳು' ಎಂದು ಅಡ್ಡಹೆಸರಿಟ್ಟಿದ್ದ, 1838ರಲ್ಲಿ ಮುಗಿದ ಆ ಕಟ್ಟಡವೂ ಕೇರಿಯ ಮನೆಗಳಂತೆಯೇ ಹಸಿ ನೆಲದಲ್ಲಿ ಕುಸಿಯತೊಡಗಿತ್ತು. ಆ ಜೈಲು ಸೇರಿದವರ ಪಟ್ಟಿಯಲ್ಲಿ ಕುಡುಕರು, ವೇಶ್ಯೆಯರು, ಜೇಬುಗಳ್ಳರ ಹೆಸರುಗಳಿದ್ದವು. ಕೆರೆ ಕೆಡಿಸಿದ ಕಾರ್ಖಾನೆಯವರು, ಅರೆಬರೆ ಮಣ್ಣು ತುಂಬಿಸಿದ ನಗರಾಡಳಿತ, ಕುಸಿಯುವ ಮನೆಗೆ ಬಾಡಿಗೆ ಎಣಿಸಿದ ಒಡೆಯ, ಪುಂಡರನ್ನು ಸಾಕಿದ ಪುಢಾರಿ ಇವರಲ್ಲಿ ಯಾರ ಹೆಸರನ್ನೂ ಆ ಪಟ್ಟಿಯಲ್ಲಿ ಹುಡುಕಬೇಕಾಗಿಲ್ಲ. ಯಾವುದೇ ಊರಿನ ಕೆಟ್ಟ ಕೇರಿಯ ಅಪರಾಧದ ಅಂಕಿ ಅಂಶ ಓದುವಾಗ ಅದರ ಪಕ್ಕದಲ್ಲೇ ಅಲ್ಲಿಯ ಮನೆಗಳ ಕಂದಾಯದ ಪುಸ್ತಕವನ್ನೂ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.